ನಡುಗಿದ್ದು ಕೈಯಲ್ಲ

೧೧ ಜನವರಿ ೧೯೯೮, ರವಿವಾರ, ಧನಕವಡಿ

ಕೈ ನಡುಕ ಕಡಿಮೆಯಾಗಲೆಂದು ಸೊಸೆ ಮಾಧುರಿ ದಿನಾ ಬರೆಯಲು ಕೂಡಿಸುತ್ತಾಳೆ. ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವನಿಗೆ ಇದೆಂಥ ಶಿಕ್ಷೆ.

ಇಂದು ಗುರಿ ಹೊಡೆಯುವ ಮೈದಾನದಲ್ಲಿ ನನ್ನ ಬೇಟೆ ರೈಫಲ್ಲಿನ ಗುಂಡುಗಳು ದಿಕ್ಕಾಪಾಲಾದವು. ಹಗುರ ರೈಫಲ್ಲು, ಉಸಿರಿಗೂ ಅಲುಗುತ್ತದೆ. ಮಗ ಗುರಣ್ಣ, "ಅಪ್ಪಾ, ನಿಮ್ಮ ಕೈ ನಡಗಾಕತ್ತಾವ. ಇದನ್ನ ಮಾರಿಬಿಡೂಣು," ಅಂದ. ಸಿಟ್ಟು ನೆತ್ತಿಗೇರಿತು. ಒಳಗೆ ಹೆದರಿಕೆಯೂ ಆಯಿತು.

ಅಷ್ಟರಲ್ಲಿ ಅಲ್ಲಿ ಕಲಿಸುವವನು, "ಆಜೋಬಾ, ಖಾಲಿ ದಾಬಾ," ಎಂದು ಕೂಗಿದ. ಪುಣೆಗೆ ಬಂದು ವರ್ಷವಾಗದ ನನಗೆ ಮರಾಠಿ ಅಷ್ಟಕ್ಕಷ್ಟೇ; ಆಜೋಬಾ ಅಂದರೆ ಅಜ್ಜ, ದಾಬಾ ಅಂದರೆ ಒತ್ತು ಎಂಬಷ್ಟು ಗೊತ್ತು. ಗುಂಡು ತೆಗೆದು ಖಾಲಿ ರೈಫಲ್ಲಿನ ಟ್ರಿಗರ್ ಒತ್ತಿದೆ. ಸದ್ದೂ ಒದೆತವೂ ಇಲ್ಲದ್ದರಿಂದ ನಳಿಗೆಯ ತುದಿ ಸರಿಯಾಗಿ ಕಂಡಿತು. ಅಲುಗದೆ ನಿಂತಿದ್ದ ತುದಿ, ನಾನು ಬೆರಳು ಜಗ್ಗಿದ ಕೂಡಲೇ ಹಾರಿತು. ತಪ್ಪು ಕೈಯದಲ್ಲ, ನನ್ನ ಅವಸರದ್ದು.

ಗುರಣ್ಣ ಬಿದ್ದು ಬಿದ್ದು ನಕ್ಕ. "ಮರಾಠಿಯೊಳಗ ಖಾಲಿ ಅಂದ್ರ ಕೆಳಗ ರೀ ಅಪ್ಪಾ. ಮುಂದಿನ ತುದಿ ಕೆಳಗ ಒತ್ತಿ ಹಿಡೀರಿ ಅಂದಾನ."

ಎಡಗೈಯಿಂದ ಹಾಗೇ ಬಿಗಿಯಾಗಿ ಹಿಡಿದು, ಬೆರಳನ್ನು ಮೆಲ್ಲಗೆ ಒತ್ತಿದೆ. ಗುಂಡುಗಳು ಅಂಗೈಯಗಲದೊಳಗೇ ಬಿದ್ದವು.

ರಾತ್ರಿ ನೆಮ್ಮದಿಯಿಂದ ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಗುರಣ್ಣ ಮಾತ್ರ ಮಾರುವ ಮಾತನ್ನು ಇನ್ನೂ ಹಿಂತೆಗೆದುಕೊಂಡಿಲ್ಲ. ರೈಫಲ್ ಮನೆಯಲ್ಲಿರುತ್ತದೋ ಇಲ್ಲವೋ, ಸಂಕ್ರಮಣದೊಳಗೆ, ಅಂದರೆ ಹದಿನಾಲ್ಕನೇ ತಾರೀಖಿನೊಳಗೆ, ಅವನು ನನಗೆ ಹೇಳಬೇಕು.