ಗೋಡೆಯ ತೂತಿಗೆ ತುರುಕಿದ ಶಾಲು

ಸಟನ್ ಕೋಲ್ಡ್‌ಫೀಲ್ಡ್

ಅಕ್ಕಾ,

ಇಲ್ಲಿ ಮಗಳು ಚಿತ್ರಾಳ ಮನೆಯ ಹಾಲ್‌ನಲ್ಲಿ ಚಳಿ ಕಾಯಿಸಲು ಗ್ಯಾಸಿನ ಅಗ್ಗಿಷ್ಟಿಕೆ ಇದೆ. ಗುಂಡಿ ಒತ್ತಿಹಿಡಿದು ಇಪ್ಪತ್ತು ಎಣಿಸಿದರೆ ಬೆಂಕಿ ಹತ್ತುತ್ತದೆ. ಒಳಗೆ ಜೋಡಿಸಿದ ಪಿಂಗಾಣಿಯ ಸೌದೆಗಳು ಕೆಂಡದಂತೆ ಕೆಂಪಾಗುತ್ತವೆ, ಆದರೆ ಸುಡುವುದಿಲ್ಲ. ಚಿಟಿಕೆ ಬೂದಿಯೂ ಇಲ್ಲ. ಎಷ್ಟು ನೋಡಿದರೂ ಬೆರಗು ತೀರದು.

ಪಕ್ಕದ ಗೋಡೆಯ ತೂತಿನಿಂದ ಚಳಿಗಾಳಿ ಬರುತ್ತದೆಂದು ಮೊನ್ನೆ ನೀನು ಹೆಣೆದ ಶಾಲನ್ನು ಅದಕ್ಕೆ ತುರುಕಿದ್ದೆ. ನಿನ್ನೆ ಅಗ್ಗಿಷ್ಟಿಕೆಯ ವರ್ಷದ ಸರ್ವಿಸ್‌ಗೆ ಬಂದವನು ಅದನ್ನು ಎಳೆದು ತೆಗೆದು, ಚಿತ್ರಾಳನ್ನು ಕರೆದು ತೋರಿಸಿದ.

“ಅಮ್ಮಾ, ಗಾಳಿ ಸಿಗದಿದ್ರೆ ಬೆಂಕಿ ವಿಷ ಕಾರತ್ತೆ. ವಾಸನೇನೂ ಇರಲ್ಲ. ಕೂತಲ್ಲೇ ಹೋಗಿಬಿಡ್ತಿದ್ವಿ,” ಎಂದಳು ಚಿತ್ರಾ.

ಊದುಗೊಳವೆ ಹಿಡಿದು ಒಲೆ ಊದುತ್ತಲೇ ಬೆಳೆದವರು ನಾವಿಬ್ಬರು. ಬೆಂಕಿಗೂ ಉಸಿರು ಬೇಕೆಂಬುದನ್ನು ನಾನೇ ಮರೆತೆ.

ಎಲ್ಲರೂ ಕ್ಷೇಮ, ನನ್ನ ಮಂಡಿನೋವೂ ಕಡಿಮೆ. ನಿನ್ನ ಶಾಲು ಈಗ ನನ್ನ ಹೆಗಲ ಮೇಲಿದೆ. ಗಾಳಿ ಬರುತ್ತಿದೆ, ಬರಲಿ.

ನಿನ್ನ ತಂಗಿ
ಅಹಲ್ಯಾ