ಬಿಳಿ ದಿಂಡಿನ ಹಣ್ಣು

ತಳಿ,
೧೦-೪-೧೯೮೩

ಮಗಳು ಅಂಜಮ್ಮನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಸೂಳಗಿರಿಯಿಂದ ನೀನು ಬರೆದ ಕಾಗದ ತಲುಪಿತು. ಬಸುರಿ ಹೆಂಗಸಿಗೆ ಹುಣಸೆ ಬೇಡವಂತೆ, ಮಾವಿನಕಾಯಿ ಬೇಡವಂತೆ, ತೀರಿಹೋದ ನಿಮ್ಮಮ್ಮ ನೆಟ್ಟ ಗಿಡದ ಮುಳ್ಳುಹಣ್ಣೇ ಬೇಕಂತೆ. ಆ ಗಿಡ ಒಣಗಿಹೋಯಿತೆಂದು ನಾನೇ ನಿನಗೆ ಹೇಳಿದ್ದೆ. ಚೊಚ್ಚಲ ಹೆರಿಗೆಗೆ ಇಲ್ಲಿಗೆ ಬರದೆ ಅಜ್ಜಿಯ ಮನೆಗೆ ಹೋಗುತ್ತೇನೆಂದೂ ಬರೆದಿದ್ದೀಯ. ಓದಿ ಬಹಳ ಸಂಕಟವಾಯಿತು.

ನಿಮ್ಮಪ್ಪನ ಕೈಲಿ ಎರಡು ದೊನ್ನೆ ಹಣ್ಣು ಕಳಿಸಿದ್ದೇನೆ. "ಎಲ್ಲಾ ಕರೀ ಹಣ್ಣೇ ತಾನೆ, ಒಂದ್ರಾಗೇ ಹಾಕ್ಬಾರ್ದಾ" ಅಂದರು. ಗಂಡಸರಿಗೆ ರಾಗಿ ಯಾವುದು ಕಳೆ ಯಾವುದು ಅಂತ ಗೊತ್ತಾದರೆ ಅದೇ ದೊಡ್ಡದು. ನೀನು ನೋಡಿ ತಿನ್ನು. ಬೇಲಿಯ ಕಾಡುಹಣ್ಣು ಕಿತ್ತರೆ ಒಳಗಿನ ದಿಂಡು ಗಿಡದಲ್ಲೇ ಉಳಿಯುತ್ತದೆ, ಹಣ್ಣು ಕೂಸಿನ ಕುಲಾವಿಯ ಹಾಗೆ ಟೊಳ್ಳು. ನಿಮ್ಮಮ್ಮ ಬಂಗಲೆಯ ತೋಟದಿಂದ ಕಡ್ಡಿ ತಂದು ನೆಟ್ಟಿದ್ದರಲ್ಲ, ಆ ಹಣ್ಣು ಬಿಳಿ ದಿಂಡಿನ ಸಮೇತ ಬರುತ್ತದೆ. ಸಣ್ಣ ದೊನ್ನೆಯದು ಅದೇ.

ಹೌದು, ಆ ಗಿಡ ಒಣಗಲಿಲ್ಲ. ನಾನು ಈ ಮನೆಗೆ ಎರಡನೆಯವಳಾಗಿ ಬಂದ ವರ್ಷ, ನೀನು ಅಜ್ಜಿಯ ಮನೆಗೆ ಹೋಗಿದ್ದಾಗ, ಕಾಡುಮುಳ್ಳು ಅಂದುಕೊಂಡು ಮಚ್ಚಿನಲ್ಲಿ ಕಡಿದೆ. ಹೊಸಬಳು, ವ್ಯತ್ಯಾಸ ತಿಳಿಯಲಿಲ್ಲ. ಒಣಗಿತು ಅಂದಾಗ ಏಳು ವರ್ಷದ ನೀನು ಅಳಲಿಲ್ಲ, ನನ್ನ ಮುಖವನ್ನೇ ನೋಡಿದೆ. ಆ ನೋಟ ಇನ್ನೂ ಮರೆತಿಲ್ಲ.

ಮಳೆ ಬಿದ್ದ ಮೇಲೆ ನೋಡಿದರೆ, ಬಾಗಿ ನೆಲ ಮುಟ್ಟಿದ್ದ ಒಂದು ಕುಡಿ ಬೇಲಿಯೊಳಗೆ ಬೇರು ಬಿಟ್ಟಿತ್ತು. ಹದಿನಾಲ್ಕು ವರ್ಷ ಅದನ್ನು ಕಾಡುಮುಳ್ಳಿನ ನಡುವೆ ಸಾಕಿದ್ದೇನೆ. ನಿನಗೆ ತೋರಿಸಿದರೆ ಕಡಿದದ್ದನ್ನೂ ಹೇಳಬೇಕಾಗುತ್ತದೆಂದು ಬಾಯಿ ಬಿಡಲಿಲ್ಲ. ಕೈಗೆ ಮುಳ್ಳು ಚುಚ್ಚಿದಾಗಲೆಲ್ಲ ಮಾಡಿದ್ದುಣ್ಣೋ ಮಹಾರಾಯ ಅಂದುಕೊಳ್ಳುತ್ತೇನೆ.

ಹೆರಿಗೆಗೆ ಇಲ್ಲಿಗೇ ಬಾ ಮಗಳೇ. ಕೂಸಿಗೆಂದು ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದೇನೆ.

ಇಂತಿ ನಿನ್ನ ಚಿಕ್ಕಮ್ಮ,
ಅಶ್ವತ್ಥಮ್ಮ

ಮತ್ತೆ: ನಿಮ್ಮಪ್ಪ ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತಿದ್ದಾರೆ. ತಿಳಿಯದೆ ಕಡಿದೆ ಅಂತ ಮೇಲೆ ಬರೆದದ್ದು ಸುಳ್ಳು. ಅಜ್ಜಿಯ ಮನೆಗೆ ಹೊರಡುವ ದಿನ ನೀನು, "ಅದು ನಮ್ಮಮ್ಮಂದು, ನೀ ಮುಟ್ಬ್ಯಾಡ" ಅಂದಿದ್ದೆ. ಮಾರನೆಯ ದಿನ ಒಂದು ಹಣ್ಣು ಕಿತ್ತು ನೋಡಿದೆ. ಬಿಳಿ ದಿಂಡು ಕೈಗೆ ಬಂತು. ಆಮೇಲೇ ಮಚ್ಚು ತಂದದ್ದು. ಇನ್ನು ಬರುವುದು ಬಿಡುವುದು ನಿನ್ನಿಷ್ಟ. ಬರದಿದ್ದರೂ ವರ್ಷ ವರ್ಷ ಹಣ್ಣು ಕಳಿಸುತ್ತೇನೆ.