ಇಪ್ಪತ್ತಾರನೆಯ ನಂಬರು

ಔರಾದ
೧೧ ಫೆಬ್ರುವರಿ ೨೦೧೬

ಮನ್ಮಥಪ್ಪನವರಿಗೆ ಶರಣು.

ನಮ್ಮ ಹಾಸ್ಟೆಲಿನ ಕೆಟ್ಟುಹೋದ ಎಕ್ಸೆಲ್ ಫೈಲನ್ನು ನೀವು ಬೀದರಿನ ನಿಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಹೇಗೋ ತೆರೆದುಕೊಟ್ಟಿರಿ. ಮೂವತ್ತೆಂಟು ಪಾಲಕರ ಫೋನ್ ನಂಬರುಗಳು ಉಳಿದಿದ್ದವು. ಮಕ್ಕಳ ಹೆಸರಿನ ಕಾಲಂ ಮಾತ್ರ ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳಾಗಿತ್ತು. "ಇಷ್ಟ್ ಗಡಿಬಿಡಿ ಯಾಕ್ರಿ ಅಕ್ಕಾವ್ರೆ?" ಎಂದು ನೀವು ಕೇಳಿದಾಗ ನಾನು ಹೇಳಲಿಲ್ಲ. ಐದನೇ ತರಗತಿಯ ಪೂರ್ಣಿಮಾ ಅಂದು ಬೆಳಗ್ಗೆ ಜ್ವರದಿಂದ ತೀರಿಕೊಂಡಿದ್ದಳು. ತಾಯಿ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಹೋಗಿದ್ದಳು. ಬರದಿಂದ ಅವರ ಊರೇ ಗುಳೆ ಹೋಗಿದೆ; ಅವಳ ನಂಬರು ಬೇರೆ ಯಾರ ಬಳಿಯೂ ಇರಲಿಲ್ಲ.

ಒಂದೊಂದೇ ನಂಬರಿಗೆ ಫೋನ್ ಹಚ್ಚಿದೆ. ಹಾಸ್ಟೆಲಿನಿಂದ ಎಂದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ: "ನಮ್ಮ ಕೂಸು ಆರಾಮ ಅದ ಏನ್ರಿ?" ಅಷ್ಟು ಗಾಬರಿಯಾದವರ ಬಳಿ ಹೆಸರು ಕೇಳುವುದು ಹೇಗೆ? ಮೊದಲು "ಆರಾಮ ಅದ" ಎಂದು ಹೇಳಿ, ಆಮೇಲೆ ಯಾವ ಮಗು ಎಂದು ಕೇಳುತ್ತಿದ್ದೆ. ಇಪ್ಪತ್ತಾರನೆಯವಳಿಗೂ ಹಾಗೇ ಹೇಳಿದೆ.

"ನಾ ಪೂರ್ಣಿಮಾನ ಅವ್ವ ರಿ. ಆಕಿ ತಲಿಗಿ ಜರಾ ಎಣ್ಣಿ ಹಚ್ರಿ" ಎಂದು ನಕ್ಕು, ಕಬ್ಬು ಕಡಿಯುವವರ ಮೇಸ್ತ್ರಿ, ಮುಕಾದಮ ಕರೆಯುತ್ತಿದ್ದಾನೆಂದು ಫೋನ್ ಇಟ್ಟುಬಿಟ್ಟಳು.

ಉಳಿದ ಹನ್ನೆರಡು ನಂಬರುಗಳಿಗೂ ಮರುದಿನ ಫೋನ್ ಹಚ್ಚಿ ಕೇಳಿಕೊಂಡು, ಈಗ ಎಲ್ಲ ಹೆಸರುಗಳನ್ನೂ ಕಾಗದದಲ್ಲಿ ಬರೆದು ಕಳಿಸಿದ್ದೇನೆ. ನಂಬರುಗಳ ಎದುರು ಸೇರಿಸಿ, ಎರಡು ಪ್ರಿಂಟ್ ತೆಗೆದಿಡಿ. ಇನ್ನು ಮೇಲೆ ಕಾಗದದಲ್ಲೂ ಇರಲಿ. ಇಪ್ಪತ್ತಾರನೆಯ ಸಾಲನ್ನು ಅಳಿಸಬೇಡಿ.

ಅಂದು ಪೂರ್ಣಿಮಾಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದೆ. ಆಮೇಲೆ ಆ ನಂಬರಿಗೆ ಮತ್ತೆ ಫೋನ್ ಹಚ್ಚಿದೆ.

ಇಂತಿ,
ಶಿವಕಾಂತಾ
ಹಾಸ್ಟೆಲ್ ವಾರ್ಡನ್